ಘಟ್ಟ ಹತ್ತಿ ಬೆಂಗಳೂರಿಗೆ ಹೋದವರು ಮೆಟ್ರೋ ಮತ್ತು ನಗರ ಬಸ್ಸು ಬಳಸುವ ಬಗೆ

ಉತ್ತರ ಕನ್ನಡದ ಊರುಗಳಲ್ಲಿ ಬಸ್ಸನ್ನು ಗುರುತಿಸುವುದು ಹೊತ್ತಿನ ಮೇಲೆ. ಏಳೂವರೆಯ ಬಸ್ಸು, ಶಾಲೆ ಬಿಡುವ ಹೊತ್ತಿನ ಬಸ್ಸು, ರಾತ್ರಿ ಊರಲ್ಲೇ ನಿಂತು ನಸುಕಿನಲ್ಲಿ ಹೊರಡುವ ವಸ್ತಿ ಬಸ್ಸು ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಅದು ತಪ್ಪಿತೆಂದರೆ ಆ ದಿನದ ಕೆಲಸವೂ ತಪ್ಪಿದಂತೆಯೇ. ಬೆಂಗಳೂರಿನ ಸಾರಿಗೆಯನ್ನು ಈ ಲೆಕ್ಕದಲ್ಲಿ ಹಿಡಿಯಲು ಹೋದರೆ ದಿಕ್ಕು ತಪ್ಪುತ್ತದೆ. ಅಲ್ಲಿ ತಿಳಿದಿರಬೇಕಾದದ್ದು ಮಾರ್ಗ, ಅದು ಸಾಗುವ ದಿಕ್ಕು ಮತ್ತು ಎರಡು ವಾಹನಗಳ ನಡುವಿನ ಅಂತರ. ಆಸ್ಪತ್ರೆಗೋ ಹೈಕೋರ್ಟಿಗೋ ಮಕ್ಕಳ ಮನೆಗೋ ಹೋಗುವ ಶಿರಸಿ, ಕುಮಟಾ, ಕಾರವಾರದವರು ಇಷ್ಟಕ್ಕೆ ಒಗ್ಗಿಕೊಂಡರೆ ಆಟೊದವರೊಂದಿಗೆ ಚೌಕಾಸಿಗೆ ಇಳಿಯುವ ಪ್ರಸಂಗ ಬಹಳಷ್ಟು ಕಡಿಮೆಯಾಗುತ್ತದೆ.

ಮೊದಲ ಪ್ರಶ್ನೆ ಎಲ್ಲಿ ಇಳಿಯಬೇಕು ಎಂಬುದು. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿಯ ಮೇಲೆ ಹೋದರೂ, ದೇವಿಮನೆ ಘಟ್ಟ ಹತ್ತಿ ಶಿರಸಿ, ಹಾವೇರಿಯ ಮೇಲೆ ಹೋದರೂ, ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ ಸಾಗರ, ಶಿವಮೊಗ್ಗದ ಮೇಲೆ ಹೋದರೂ ರಾತ್ರಿ ಬಸ್ಸು ಕೊನೆಗೆ ಬೆಂಗಳೂರನ್ನು ಹೊಗುವುದು ತುಮಕೂರು ರಸ್ತೆಯಿಂದಲೇ. ಅದೇ ರಸ್ತೆಯ ಉದ್ದಕ್ಕೂ ಮೆಟ್ರೋದ ಹಸಿರು ಮಾರ್ಗ ಸಾಗುತ್ತದೆ: ಮಾದಾವರ, ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ. ಆದ್ದರಿಂದ ಮೆಜೆಸ್ಟಿಕ್ ತನಕ ಬಸ್ಸಿನಲ್ಲೇ ಕುಳಿತು ಬೆಳಗಿನ ವಾಹನದಟ್ಟಣೆಯಲ್ಲಿ ಸಿಕ್ಕಿಕೊಳ್ಳುವ ಬದಲು ಇವುಗಳಲ್ಲಿ ಒಂದು ಕಡೆ ಇಳಿದು ಮೆಟ್ರೋ ಹಿಡಿಯುವುದು ಲೇಸು. ಬಸ್ಸು ನಾಗಸಂದ್ರ ದಾಟಿದ ಮೇಲೆ ಮೇಲ್ಸೇತುವೆ ಹತ್ತಿತೆಂದರೆ ನಡುವೆ ಎಲ್ಲಿಯೂ ನಿಲ್ಲದೆ ಗೊರಗುಂಟೆಪಾಳ್ಯದಲ್ಲಿ ಕೆಳಗಿಳಿಯುತ್ತದೆ. ದಾಸರಹಳ್ಳಿ, ಜಾಲಹಳ್ಳಿಯಲ್ಲಿ ಇಳಿಯಬೇಕಾದವರು ಕೆಳಗಿನ ರಸ್ತೆಯಲ್ಲಿ ಹೋಗುತ್ತೀರಾ ಎಂದು ಡ್ರೈವರ್ ಬಳಿ ಮುಂಚೆಯೇ ಕೇಳಿಟ್ಟುಕೊಳ್ಳಬೇಕು.

ಕಾರವಾರದಿಂದ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರಿಗೆ ಈ ತಾಪತ್ರಯವಿಲ್ಲ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣಕ್ಕೆ ಅದೇ ಹೆಸರಿನ ಮೆಟ್ರೋ ನಿಲ್ದಾಣ ನೇರಳೆ ಮಾರ್ಗದಲ್ಲಿದೆ, ಮುಂದಿನದೇ ಮೆಜೆಸ್ಟಿಕ್.

ಬೆಳಗಿನ ಜಾವದಲ್ಲಿ ಇಳಿಯುವವರು ವಾರ ನೋಡಬೇಕು. ನೇರಳೆ ಮತ್ತು ಹಸಿರು ಮಾರ್ಗಗಳಲ್ಲಿ ಸಾಮಾನ್ಯ ದಿನಗಳ ಸಂಚಾರ 5 ಗಂಟೆಗೆ ಆರಂಭವಾಗುತ್ತದೆ. ವಾರಾಂತ್ಯಕ್ಕೆ ಊರಿಗೆ ಹೋಗಿ ಮರಳುವವರ ಗುಂಪು ದೊಡ್ಡದಾದ್ದರಿಂದ 2025ರ ಜನವರಿಯಿಂದ ಸೋಮವಾರ ಮಾತ್ರ 4.15ಕ್ಕೇ ಆರಂಭಿಸಲಾಯಿತು. ಭಾನುವಾರ 7 ಗಂಟೆಯ ತನಕ ರೈಲಿಲ್ಲ. ಆ ದಿನ ನಸುಕಿನಲ್ಲಿ ಇಳಿಯುವವರು, ಅದರಲ್ಲೂ ವಯಸ್ಸಾದವರನ್ನು ಕರೆತರುವವರು, ರಸ್ತೆ ಬದಿಯಲ್ಲಿ ಇಳಿದು ಕಾಯುವುದಕ್ಕಿಂತ ಮೆಜೆಸ್ಟಿಕ್ ತನಕ ಹೋಗಿ ಬಸ್ ನಿಲ್ದಾಣದಲ್ಲಿ ಕುಳಿತುಕೊಳ್ಳುವುದು ಒಳ್ಳೆಯದು.

ಮೆಟ್ರೋದಲ್ಲಿ ಈಗ ಮೂರು ಮಾರ್ಗಗಳಿವೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ ಪೂರ್ವ-ಪಶ್ಚಿಮವಾಗಿ ಹೋಗುವುದು ನೇರಳೆ, ಮಾದಾವರದಿಂದ ರೇಷ್ಮೆ ಸಂಸ್ಥೆಗೆ ಉತ್ತರ-ದಕ್ಷಿಣವಾಗಿ ಹೋಗುವುದು ಹಸಿರು, ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಮೇಲೆ ಬೊಮ್ಮಸಂದ್ರಕ್ಕೆ ಹೋಗುವುದು 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ. ನೇರಳೆ ಮತ್ತು ಹಸಿರು ಸೇರುವುದು ಮೆಜೆಸ್ಟಿಕ್‌ನಲ್ಲಿ, ಹಸಿರು ಮತ್ತು ಹಳದಿ ಸೇರುವುದು ಆರ್.ವಿ. ರಸ್ತೆಯಲ್ಲಿ. ಮಾರ್ಗ ಬದಲಿಸಲು ಹೊರಗೆ ಬರಬೇಕಾಗಿಲ್ಲ, ಇನ್ನೊಂದು ಟಿಕೆಟ್ಟೂ ಬೇಡ. ಪ್ಲಾಟ್‌ಫಾರ್ಮಿನ ಫಲಕದಲ್ಲಿ ಕಾಣುವುದು ಆ ದಿಕ್ಕಿನ ತುದಿ ನಿಲ್ದಾಣದ ಹೆಸರು. ಹಾಗಾಗಿ ತಾವು ಇಳಿಯುವ ನಿಲ್ದಾಣದ ಜೊತೆಗೆ ಅದರಾಚೆಯ ತುದಿ ಯಾವುದು ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ನಮ್ಮ ಜಿಲ್ಲೆಯವರು ಬೆಂಗಳೂರಿಗೆ ಹೋಗುವ ಕಾರಣಗಳಲ್ಲಿ ಆಸ್ಪತ್ರೆಯದೇ ದೊಡ್ಡ ಪಾಲಾದ್ದರಿಂದ ಜಯದೇವ ಹೃದ್ರೋಗ ಆಸ್ಪತ್ರೆಯ ದಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಗೊರಗುಂಟೆಪಾಳ್ಯದಲ್ಲಿ ಬಸ್ಸಿಳಿದು ಮೆಟ್ರೋ ನಿಲ್ದಾಣದ ಕೌಂಟರಿನಲ್ಲಿ ‘ಜಯದೇವ ಆಸ್ಪತ್ರೆ’ ಎಂದು ಹೇಳಿ ಟೋಕನ್ ಪಡೆಯಿರಿ. ಗೇಟಿನ ಮೇಲೆ ಟೋಕನ್ ತಾಗಿಸಿದರೆ ಬಾಗಿಲು ತೆರೆಯುತ್ತದೆ. ಒಬ್ಬರಿಗೆ ಒಂದೇ ಟೋಕನ್, ಹೊರಬರುವಾಗ ಅದನ್ನು ಗೇಟಿನ ಸೀಳಿನೊಳಗೆ ಹಾಕಬೇಕಾಗುವುದರಿಂದ ಜೋಪಾನವಾಗಿ ಇಟ್ಟುಕೊಳ್ಳಬೇಕು. ರೇಷ್ಮೆ ಸಂಸ್ಥೆಯ ಕಡೆಗೆ ಹೋಗುವ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಅರ್ಧ ರೈಲು ಇಳಿದರೂ ತಾವು ಇಳಿಯದೆ, ಕೆ.ಆರ್. ಮಾರುಕಟ್ಟೆ, ಲಾಲ್‌ಬಾಗ್, ಜಯನಗರ ದಾಟಿ ಆರ್.ವಿ. ರಸ್ತೆಯಲ್ಲಿ ಇಳಿಯಿರಿ. ಅಲ್ಲಿಂದ ಬೊಮ್ಮಸಂದ್ರದ ಹಳದಿ ರೈಲು ಹಿಡಿದರೆ ರಾಗಿಗುಡ್ಡ ಆದ ಮೇಲೆ ಜಯದೇವ. ವಿಕ್ಟೋರಿಯಾ ಆಸ್ಪತ್ರೆಗೆ ಹೋಗುವವರು ಕೆ.ಆರ್. ಮಾರುಕಟ್ಟೆಯಲ್ಲೇ ಇಳಿಯಬಹುದು. ಹೈಕೋರ್ಟಿಗೂ ವಿಧಾನಸೌಧಕ್ಕೂ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಿ ಅಂಬೇಡ್ಕರ್ ನಿಲ್ದಾಣಕ್ಕೆ ಹೋಗಬೇಕು.

ಕೌಂಟರಿನ ಸಾಲು ತಪ್ಪಿಸಲು ಮೊಬೈಲಿನಲ್ಲಿ ಕ್ಯೂಆರ್ ಟಿಕೆಟ್ ಪಡೆಯುವ ವ್ಯವಸ್ಥೆಯೂ ಇದೆ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಕನಿಷ್ಠ ದರ 10 ರೂಪಾಯಿ, ಗರಿಷ್ಠ 90 ರೂಪಾಯಿ ಆಯಿತು. ಚಿಕಿತ್ಸೆಗೆಂದು ಪದೇ ಪದೇ ಹೋಗಬೇಕಾದವರು ಸ್ಮಾರ್ಟ್ ಕಾರ್ಡ್ ಮಾಡಿಸಿಕೊಂಡರೆ ದರದಲ್ಲಿ ಶೇ. 5ರಷ್ಟು ರಿಯಾಯಿತಿ ಸಿಗುತ್ತದೆ.

ಊರಿನಿಂದ ಹೊತ್ತು ತಂದ ಸಾಮಾನಿನ ವಿಷಯದಲ್ಲಿ ಸ್ವಲ್ಪ ಎಚ್ಚರಿಕೆ ಬೇಕು. ಚೀಲಗಳೆಲ್ಲ ತಪಾಸಣಾ ಯಂತ್ರದೊಳಗೆ ಹೋಗುತ್ತವೆ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಗೂ ತೊಡೆದೇವಿನ ಕಟ್ಟಿಗೂ ಯಾರ ತಕರಾರೂ ಬರಲಿಕ್ಕಿಲ್ಲ. ಆದರೆ ಕವಳದ ಸಂಚಿಯಲ್ಲಿರುವ ಅಡಕತ್ತರಿಗೆ ಯಂತ್ರದ ಮುಂದೆ ಕುಳಿತವರು ಕೈ ತೋರಿಸಿ ನಿಲ್ಲಿಸುವ ಸಂಭವ ಹೆಚ್ಚು, ಏಕೆಂದರೆ ಹರಿತವಾದ ಸಾಧನಗಳಿಗೆ ಅಲ್ಲಿ ನಿರ್ಬಂಧವಿದೆ. ಕವಳ ಹಾಕಿದವರು ಒಳಹೋಗುವ ಮುನ್ನವೇ ಬಾಯಿ ತೊಳೆದುಕೊಳ್ಳುವುದು ಕ್ಷೇಮ. ಉಗುಳಿದರೆ ದಂಡ ತೆರಬೇಕಾಗುತ್ತದೆ. ಒಣಮೀನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಎಷ್ಟು ಬಿಗಿಯಾಗಿ ಕಟ್ಟಿದರೂ ಮುಚ್ಚಿದ ಎ.ಸಿ. ಬೋಗಿಯಲ್ಲಿ ಅದು ಗುಟ್ಟಾಗಿ ಉಳಿಯುವುದಿಲ್ಲ. ಅದಿದ್ದರೆ ಆಟೊ ಮಾಡುವುದೇ ಮರ್ಯಾದೆ.

ರೈಲು ಒಂದು ನಿಲ್ದಾಣದಲ್ಲಿ ಅರ್ಧ ನಿಮಿಷದಷ್ಟೂ ನಿಲ್ಲುವುದು ಅಪರೂಪ. ಗುಂಪಿನಲ್ಲಿ ಕೆಲವರು ಹತ್ತಿ ಉಳಿದವರು ಹೊರಗೇ ಉಳಿದರೆ ಬಾಗಿಲಿಗೆ ಕೈ ಒಡ್ಡಬಾರದು. ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಂತಿರುವುದು, ಉಳಿದವರು ಹಿಂದಿನ ರೈಲಿನಲ್ಲಿ ಬಂದು ಕೂಡಿಕೊಳ್ಳುವುದು ಎಂದು ಮನೆ ಬಿಡುವಾಗಲೇ ಮಾತಾಡಿಕೊಂಡಿರಬೇಕು. ಚಪ್ಪಲಿಯೋ ಮೊಬೈಲೋ ಹಳಿಯ ಮೇಲೆ ಬಿದ್ದರೆ ಯಾವ ಕಾರಣಕ್ಕೂ ಕೆಳಗಿಳಿಯಬಾರದು. ನಮ್ಮ ಮೆಟ್ರೋಗೆ ತಲೆಯ ಮೇಲೆ ತಂತಿಯಿಲ್ಲ. ಹಳಿಗಳ ಪಕ್ಕದಲ್ಲೇ ಸಾಗುವ ಮೂರನೆಯ ಹಳಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತಿರುತ್ತದೆ. ಸಿಬ್ಬಂದಿಗೆ ತಿಳಿಸಿದರೆ ಅವರೇ ತೆಗೆದುಕೊಡುತ್ತಾರೆ.

ಮೆಟ್ರೋ ತಲುಪದ ಜಾಗಗಳಿಗೆ ಬಿಎಂಟಿಸಿ ಬಸ್ಸೇ ಗತಿ. ಇದು 1997ರಿಂದ ಪ್ರತ್ಯೇಕ ಸಂಸ್ಥೆಯಾದ್ದರಿಂದ ನಮ್ಮ ಕಡೆಯ ವಾಯವ್ಯ ಸಾರಿಗೆಯ ಪಾಸು ಇಲ್ಲಿ ನಡೆಯುವುದಿಲ್ಲ. ಶಕ್ತಿ ಯೋಜನೆ ಮಾತ್ರ ಇಲ್ಲಿಯೂ ಇದೆ: ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್ ಕೊಡುತ್ತಾರೆ. ಎ.ಸಿ. ಇರುವ ವಜ್ರ, ವಿಮಾನ ನಿಲ್ದಾಣದ ವಾಯುವಜ್ರ ಮತ್ತು ಮೆಟ್ರೋಗೆ ಅದು ಅನ್ವಯಿಸುವುದಿಲ್ಲ. ಗಂಡಸರು ಒಂದೇ ದಿನ ನಾಲ್ಕಾರು ಕಡೆ ಓಡಾಡುವುದಿದ್ದರೆ ದಿನದ ಪಾಸು ಲಾಭದಾಯಕ. 2025ರ ಜನವರಿಯ ಪರಿಷ್ಕರಣೆಯ ನಂತರ ಸಾಮಾನ್ಯ ಬಸ್ಸಿನ ದಿನದ ಪಾಸಿಗೆ 80 ರೂಪಾಯಿ.

ಬಸ್ಸಿನ ಸಂಖ್ಯೆಯನ್ನು ಅದರ ಹಿಂದಿರುವ ಅಕ್ಷರದೊಂದಿಗೇ ಓದಬೇಕು. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ 335-ಇ, ಹೊರವರ್ತುಲ ರಸ್ತೆಯಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ 500-ಡಿ ಎಂಬಂತೆ; ಅಕ್ಷರ ಬದಲಾದರೆ ಅರ್ಧ ದಾರಿಯ ನಂತರ ಬಸ್ಸು ಬೇರೆ ಕಡೆ ತಿರುಗಬಹುದು. ಹತ್ತುವ ಮುನ್ನ ಕಂಡಕ್ಟರ್‌ಗೆ ಊರಿನ ಹೆಸರು ಹೇಳಿ ಕೇಳಿದರೆ ಅನುಮಾನ ಪರಿಹಾರವಾಗುತ್ತದೆ. ನಮ್ಮಲ್ಲಿ ಗದ್ದೆಯ ಅಂಚಿನಲ್ಲಿ ನಿಂತು ಕೈ ತೋರಿಸಿದರೂ ಬಸ್ಸು ನಿಲ್ಲುವುದುಂಟು. ಅಲ್ಲಿ ತಂಗುದಾಣದಲ್ಲೇ ನಿಂತಿರಬೇಕು.

ಅರ್ಧ ಗಂಟೆ ಬಾರದ ಬಸ್ಸು ಒಮ್ಮೆಲೇ ಎರಡು ಮೂರು ಬರುವುದನ್ನು ಕಂಡು ಹೊಸಬರು ರೇಗುತ್ತಾರೆ. ಅದಕ್ಕೆ ಕಾರಣವಿದೆ. ಸಿಗ್ನಲ್‌ನಲ್ಲಿ ತಡವಾದ ಬಸ್ಸಿಗೆ ಮುಂದಿನ ತಂಗುದಾಣದಲ್ಲಿ ಹೆಚ್ಚು ಜನ ಸೇರಿರುತ್ತಾರೆ, ಅವರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಅದು ಇನ್ನಷ್ಟು ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನರೇ ಉಳಿಯದೆ ಅದು ಬೇಗ ಬೇಗ ಸಾಗಿ ಮುಂದಿನದನ್ನು ಮುಟ್ಟುತ್ತದೆ. ಹೀಗಾಗಿ ತುಂಬಿ ತುಳುಕುವ ಮೊದಲ ಬಸ್ಸಿಗೆ ನುಗ್ಗುವುದಕ್ಕಿಂತ ಅದರ ಬೆನ್ನಿಗೇ ಅದೇ ಸಂಖ್ಯೆಯದು ಕಾಣುತ್ತಿದೆಯೇ ಎಂದು ನೋಡುವುದು ಜಾಣತನ. ಸೀಟು ಸಿಗುವುದು ಅದರಲ್ಲೇ. ‘ನಮ್ಮ ಬಿಎಂಟಿಸಿ’ ಆ್ಯಪ್‌ನಲ್ಲಿ ಬಸ್ಸು ಎಲ್ಲಿದೆ ಎಂದು ನೋಡಬಹುದು.

ಮರಳಿ ಊರಿಗೆ ಹೊರಡುವಾಗ ರಾತ್ರಿ ಬಸ್ಸಿನ ಟಿಕೆಟ್ ಕಾದಿರಿಸುವ ಹೊತ್ತಿಗೇ ಹತ್ತುವ ಜಾಗವನ್ನು ಯೋಚಿಸಬೇಕು. ಸಂಜೆಯ ದಟ್ಟಣೆಯಲ್ಲಿ ಮೆಜೆಸ್ಟಿಕ್‌ನಿಂದ ಯಶವಂತಪುರ ದಾಟಲು ಬಸ್ಸಿಗೆ ಎಷ್ಟು ಹೊತ್ತು ಬೇಕಾದೀತೆಂದು ಹೇಳಬರುವುದಿಲ್ಲ. ನಗರದ ದಕ್ಷಿಣದಲ್ಲಿ ಉಳಿದುಕೊಂಡವರು ಹಸಿರು ಮಾರ್ಗದಲ್ಲಿ ಮಾದಾವರದ ಕಡೆಗೆ ಬಂದು, ಟಿಕೆಟ್ಟಿನಲ್ಲಿ ಯಶವಂತಪುರ, ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್‌ಗಳಲ್ಲಿ ಯಾವುದನ್ನು ನಮೂದಿಸಿದ್ದಾರೋ ಅಲ್ಲಿ ಬಸ್ಸಿಗಿಂತ ಅರ್ಧ ಗಂಟೆ ಮೊದಲೇ ಇಳಿದು, ಹುಬ್ಬಳ್ಳಿ-ಶಿವಮೊಗ್ಗದ ಕಡೆಗೆ ಹೋಗುವ ಬದಿಯ ತಂಗುದಾಣದಲ್ಲಿ ನಿಂತಿರಬೇಕು. ಎದುರು ಬದಿಯಲ್ಲಿ ಇಳಿದರೆ ದಾಟಲು ಮೆಟ್ರೋ ನಿಲ್ದಾಣದ ಮೆಟ್ಟಿಲುಗಳನ್ನೇ ಬಳಸಬಹುದು.