ಗೋಡೆ ಗಡಿಯಾರಕ್ಕೆ ಕಿವಿ ಕೊಡಿ

ಕೀ ಕೊಡೋ ಗೋಡೆ ಗಡಿಯಾರ ನೆಟ್ಟಗೆ ಕೂತಿದೆಯಾ ಅಂತ ಈಗಿನ ಮಕ್ಕಳು ಅದರ ನೆತ್ತಿಯ ಮೇಲೆ ಫೋನ್ ಮಲಗಿಸಿ ಮಟ್ಟ ನೋಡ್ತಾರಂತೆ. ಕೇಳಿದಾಗಿನಿಂದ ನನಗೆ ಸಮಾಧಾನವೇ ಇಲ್ಲ, ಅದಕ್ಕೇ ಬರೆಯೋಕೆ ಕೂತೆ.

ನಮ್ಮನೆಯ ಕೀ ಕೊಡೋ ಗಡಿಯಾರವನ್ನ ಮೊಮ್ಮಗಳು ಮದುವೆಯಾಗಿ ಬೇರೆ ಮನೆ ಮಾಡಿದಾಗ ಕೇಳಿ ತಗೊಂಡು ಹೋದಳು. ಮಾವನವರ ಕಾಲದ್ದು. ಮುಖದ ಮೇಲೆ ಸಣ್ಣ ನಕ್ಷತ್ರ, ಅದರ ನಡುವೆ ಜೆ ಅಕ್ಷರ, ಜರ್ಮನಿಯ ಯುಂಗಾನ್ಸ್ ಕಂಪನಿಯ ಗುರುತು. ಅದಿದ್ದ ಜಾಗದಲ್ಲಿ ಗೋಡೆ ಈಗಲೂ ಬೇರೆ ಬಣ್ಣ. ಮೂರನೇ ದಿನಕ್ಕೆ ಫೋನ್ ಬಂತು. "ಅಜ್ಜಿ, ನಿನ್ನ ಗಡಿಯಾರ ಕೆಟ್ಟೋಗಿದೆ. ಹತ್ತು ನಿಮಿಷ ಓಡುತ್ತೆ, ನಿಂತುಬಿಡುತ್ತೆ." ಒಯ್ಯುವಾಗ 'ನಮ್ಮ ಮುತ್ತಾತನ ಗಡಿಯಾರ' ಆಗಿತ್ತು, ನಿಂತಮೇಲೆ ನನ್ನದಾಯಿತು.

ಇಲ್ಲೇ ಮೈಸೂರಿನ ವಿಜಯನಗರದಲ್ಲಿ ಅವಳ ಮನೆ, ಆಟೋ ಹತ್ತಿ ಹೋದೆ. ಒಳಗೆ ಕಾಲಿಟ್ಟರೆ ಒಂದೊಂದು ಗೋಡೆಗೆ ಒಂದೊಂದು ಹೊತ್ತು. ಹಾಲಿನ ಸೆಲ್ ಗಡಿಯಾರ ನಾಲ್ಕು ಇಪ್ಪತ್ತಕ್ಕೆ ನಿಂತಿದೆ. ಮೈಕ್ರೋವೇವಿನಲ್ಲಿ ಸೊನ್ನೆಗಳು ಮಿಟುಕ್ತಿವೆ, ಯಾವತ್ತೋ ಕರೆಂಟ್ ಹೋಗಿ ಬಂದದ್ದು, ಆಮೇಲೆ ಯಾರೂ ಬೆರಳಿಟ್ಟಿಲ್ಲ. ಊಟದ ಮನೆಯದು ಬೇಕಂತಲೇ ಹತ್ತು ನಿಮಿಷ ಮುಂದೆ, ಆಫೀಸಿನ ಬಸ್ ತಪ್ಪಬಾರದು ಅಂತ. ಮುಂದಿರೋದು ಮನೆಯವರಿಬ್ಬರಿಗೂ ಗೊತ್ತು, ಇಬ್ಬರೂ ಹತ್ತು ಕಳೆದೇ ಲೆಕ್ಕ ಹಾಕ್ತಾರೆ, ಬಸ್ಸು ತಪ್ಪುತ್ತೆ.

ಸೆಲ್ ಗಡಿಯಾರದ ವಿಚಾರ ಮೊದಲು ಮುಗಿಸಿಬಿಡ್ತೀನಿ, ಅದರಲ್ಲಿ ಹೇಳೋದು ಹೆಚ್ಚಿಲ್ಲ. ಸೆಕೆಂಡಿನ ಮುಳ್ಳು ಒಂಬತ್ತರ ಹತ್ತಿರ ನಿಂತಲ್ಲೇ ಮಿಸುಕ್ತಾ ಇದ್ದರೆ ಗಡಿಯಾರ ಕೆಟ್ಟಿದೆ ಅಂತ ಬಿಸಾಕಬೇಡಿ, ಸೆಲ್ ಸೋತಿದೆ. ಆರರಿಂದ ಹನ್ನೆರಡಕ್ಕೆ ಮುಳ್ಳು ಮೇಲೇರಬೇಕು, ಒಂಬತ್ತರಲ್ಲಿ ಅದು ಅಡ್ಡಡ್ಡ ಚಾಚಿಕೊಳ್ಳುತ್ತೆ, ಅಲ್ಲೇ ಭಾರ ಜಾಸ್ತಿ. ತುಂಬಿದ ತಂಬಿಗೆಯನ್ನ ತೋಳು ಚಾಚಿ ಹಿಡಿದು ನಿಂತು ನೋಡಿ, ನಿಮಗೇ ತಿಳಿಯುತ್ತೆ. ರಿಮೋಟಿನಲ್ಲಿ ಕೈಕೊಟ್ಟ ಸೆಲ್ ಗಡಿಯಾರದಲ್ಲಿ ಇನ್ನೂ ಒಂದಷ್ಟು ದಿನ ಬರುತ್ತೆ, ಗಡಿಯಾರ ಕೇಳೋದು ಅಷ್ಟು ಕಮ್ಮಿ. ಈ ಮಕ್ಕಳು ಅದನ್ನ ತಿರುವುಮುರುವು ಮಾಡಿ, ಗಡಿಯಾರದಲ್ಲಿ ಸತ್ತದ್ದನ್ನ ರಿಮೋಟಿಗೆ ತುರುಕಿ ಗುಂಡಿ ಗುದ್ದುತ್ತಾರೆ. ನಿಂತ ಗಡಿಯಾರದಲ್ಲಿ ಸೆಲ್ ಬಿಡಲೇಬೇಡಿ. ಅದು ಸೋರಿ ತಗಡಿಗೆ ಕಿಲುಬು ಹಿಡಿಯುತ್ತೆ. ಹಿಡಿದಿದ್ದರೆ ಹತ್ತಿಬತ್ತಿಗೆ ನಿಂಬೆರಸ ಮುಟ್ಟಿಸಿ ಉಜ್ಜಿ, ಒರೆಸಿ, ಒಣಗಿದ ಮೇಲೆ ಹೊಸದು ಹಾಕಿ.

ಇನ್ನು ನಮ್ಮ ಗಡಿಯಾರ. ಗೋಡೆಯ ಮೇಲೆ ನೆಟ್ಟಗೆ, ಚಿತ್ರಪಟದ ಹಾಗೆ ಕೂತಿತ್ತು. ಬಾಗಿಲು ತೆಗೆದು ಪೆಂಡುಲಮ್ಮನ್ನ ಒಂದು ಸಲ ತಳ್ಳಿ, ಕಣ್ಣು ಮುಚ್ಚಿ ನಿಂತೆ. ಟಿಕ್-ಟಾಕ್, ಸ್ವಲ್ಪ ಬಿಟ್ಟು ಮತ್ತೆ ಟಿಕ್-ಟಾಕ್. ಕಾಲು ಉಳುಕಿದವರು ನಡೆಯೋ ಹಾಗೆ. ಹೀಗೆ ಕುಂಟೋ ಗಡಿಯಾರ ನಿಂತೇ ನಿಲ್ಲುತ್ತೆ. "ಅಜ್ಜಿ, ಫೋನಿನಲ್ಲಿ ಮಟ್ಟಗೋಲು ಇದೆ, ನೋಡಿಯೇ ಹಾಕಿದ್ದು, ಒಂದಿಷ್ಟೂ ವಾಲಿಲ್ಲ" ಅಂತಾನೆ ಅವಳ ಗಂಡ. ಅಲ್ಲಪ್ಪಾ, ಮರದ ಪೆಟ್ಟಿಗೆ ಮಟ್ಟವಾಗಿದ್ದರೆ ಒಳಗಿನ ಯಂತ್ರವೂ ಮಟ್ಟವಾಗಿರಬೇಕು ಅಂತ ಯಾರು ಹೇಳಿದ್ದು? ಎಷ್ಟು ಸಲ ಬಿಚ್ಚಿ ಕಟ್ಟಿದ್ದಾರೋ, ಎಷ್ಟು ಮನೆ ಬದಲಾಯಿಸಿದೆಯೋ. ನಮ್ಮನೆಯಲ್ಲಿ ಅದು ಕೂದಲೆಳೆಯಷ್ಟು ಬಲಕ್ಕೆ ವಾಲಿಕೊಂಡೇ ಅಷ್ಟು ವರ್ಷ ಓಡಿದ್ದು. ಬಂದ ನೆಂಟರು ನೇರ ಮಾಡಲು ಹೋಗಿ ನಮ್ಮತ್ತೆ ಕೈಲಿ ಬೈಸಿಕೊಂಡಿದ್ದಾರೆ.

ಮಾಡೋದು ಹೀಗೆ. ಮೊದಲು ಫ್ಯಾನ್ ಆರಿಸಿ, ಟಿವಿ ಆರಿಸಿ, ಕುಕ್ಕರ್ ಕೂಗೋ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಪೆಂಡುಲಮ್ಮನ್ನ ಒಂದು ಕಡೆಗೆ ಎರಡು ಬೆರಳಷ್ಟು ಎಳೆದು ಬಿಡಿ. ನಾಲ್ಕೈದು ಆಟ ಆಡಲಿ. ಕಣ್ಣು ಮುಚ್ಚಿಕೊಳ್ಳಿ. ಕಣ್ಣು ತೆರೆದಿದ್ದರೆ ಅದು ಕಿವಿಗೆ ಸುಳ್ಳು ಹೇಳುತ್ತೆ, ಇದನ್ನ ನಾನು ಎಷ್ಟೋ ಸಲ ನೋಡಿದ್ದೀನಿ. ಟಿಕ್ಕಿಗೂ ಟಾಕಿಗೂ ನಡುವೆ ಎಷ್ಟು ಬಿಡುವಿದೆಯೋ, ಟಾಕಿಗೂ ಮುಂದಿನ ಟಿಕ್ಕಿಗೂ ನಡುವೆ ಅಷ್ಟೇ ಇರಬೇಕು. ಸಂಗೀತದ ಪಾಠದಲ್ಲಿ ಮೇಷ್ಟರು ತೊಡೆ ತಟ್ಟಿ ಹಾಕ್ತಾರಲ್ಲ, ಆ ತಾಳದ ಹಾಗೆ. ಬಿಡುವು ಸಮ ಇಲ್ಲದಿದ್ದರೆ ಪೆಟ್ಟಿಗೆಯ ಮೇಲ್ಗಡೆಯ ಮೊಳೆಗೆ ಕೈ ಹಚ್ಚಬೇಡಿ, ಕೆಳಗಿನ ತುದಿಯನ್ನ ಬೆರಳಲ್ಲಿ ಒಂದು ಕಡೆಗೆ ಸರಿಸಿ. ಸರಿಸೋದು ಅಂದರೆ ತಳ್ಳೋದಲ್ಲ, ಮಗುವಿನ ಕೆನ್ನೆ ಮುಟ್ಟಿದ ಹಾಗೆ. ಕೇಳಿ. ಕುಂಟು ಹೆಚ್ಚಾಯಿತೋ, ಇನ್ನೊಂದು ಕಡೆಗೆ. ಕಮ್ಮಿಯಾಯಿತೋ, ಅದೇ ಕಡೆಗೆ ಇನ್ನೊಂಚೂರು. ಸರಿಯಾದ ಜಾಗ ಬಂದಾಗ ನಿಮಗೆ ಯಾರೂ ಹೇಳಬೇಕಾಗಿಲ್ಲ, ಸದ್ದು ತಾನಾಗಿ ದುಂಡಗಾಗುತ್ತೆ. ತಕ್ಷಣ ಪೆಟ್ಟಿಗೆಯ ಕೆಳಗಿನ ಎರಡೂ ಮೂಲೆಗೆ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಒಂದೊಂದು ಗೆರೆ ಎಳೆದುಬಿಡಿ. ಧೂಳು ಒರೆಸುವಾಗ ಸರಿದರೂ ಗೆರೆಗೆ ತಂದು ನಿಲ್ಲಿಸಬಹುದು. ಬಣ್ಣದ ಗೋಡೆ ಹಾಳಾಗುತ್ತೆ ಅಂತ ನನ್ನ ಮೊಮ್ಮಗಳು ಮುಖ ಸಿಂಡರಿಸಿದಳು. ಗೆರೆ ಕಾಣೋದು ಬಗ್ಗಿ ನೋಡಿದರೆ ಮಾತ್ರ. ಪೆಟ್ಟಿಗೆ ಅಲ್ಲಾಡುತ್ತಿದ್ದರೆ ಹಳೇ ಲಗ್ನಪತ್ರಿಕೆಯ ರಟ್ಟನ್ನ ಮಡಿಸಿ ಹಿಂದೆ ಸಿಕ್ಕಿಸಿ. ಅದಕ್ಕಿಂತ ಒಳ್ಳೆ ಉಪಯೋಗ ಆ ರಟ್ಟಿಗೆ ನನಗಂತೂ ತೋಚಿಲ್ಲ.

ಕೀ ಕೊಡೋದು ವಾರಕ್ಕೆ ಒಂದು ಸಲ, ಪ್ರತಿ ವಾರವೂ ಅದೇ ದಿನ. ಮಾವನವರು ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಕಾಫಿಗೆ ಮೊದಲು, ಸ್ಟೂಲ್ ಹಾಕಿಕೊಂಡು ಕೊಡೋರು. ಹೆಂಗಸರು ಮುಟ್ಟೋ ಹಾಗಿರಲಿಲ್ಲ, ಯಾಕೆ ಅಂತ ಕೇಳೋ ಹಾಗೂ ಇರಲಿಲ್ಲ. ಅವರು ಹೋದ ವಾರ ಹನ್ನೊಂದನೇ ದಿನದ ಗಡಿಬಿಡಿಯಲ್ಲಿ ಗಡಿಯಾರ ನಿಂತಿತು. ಮನೆ ತುಂಬ ಗಂಡಸರಿದ್ದರು, ಕೀ ಎಲ್ಲಿದೆ ಅಂತ ಒಬ್ಬರಿಗೂ ಗೊತ್ತಿಲ್ಲ. ಪೆಟ್ಟಿಗೆಯೊಳಗೇ ಎಡಗಡೆ ಮೂಲೆಯಲ್ಲಿ ಇರುತ್ತೆ ಅಂತ ನನಗೆ ಗೊತ್ತಿತ್ತು, ಅಷ್ಟು ವರ್ಷ ಸ್ಟೂಲ್ ಹಿಡಿದುಕೊಂಡು ನಿಂತವಳು ನಾನೇ ಅಲ್ಲವೇ. ಆವತ್ತಿನಿಂದ ಕೀ ನನ್ನ ಕೈಗೆ ಬಂತು.

ಎರಡು ತೂತು ಇರುತ್ತೆ. ಸಾಮಾನ್ಯವಾಗಿ ಬಲಗಡೆಯದು ಓಟಕ್ಕೆ, ಎಡಗಡೆಯದು ಗಂಟೆ ಹೊಡೆಯೋಕೆ. ಎರಡಕ್ಕೂ ಕೊಡಿ. ಕೈಗೆ ಭಾರ ಬರುವ ತನಕ ತಿರುಗಿಸಿ, ಭಾರ ಬಂದಮೇಲೆ ಶೂರತನ ತೋರಿಸಬೇಡಿ. ಪ್ರತಿ ತಿರುವಿಗೂ ಒಳಗಿನ ಹಲ್ಲು ಕಟಕ್ ಅಂತ ಹಿಡಿದುಕೊಂಡ ಮೇಲೇ ಕೀ ಸಡಿಲಿಸಿ, ಇಲ್ಲದಿದ್ದರೆ ಕೀ ಹಿಂದಕ್ಕೆ ತಿರುಗಿ ಬೆರಳ ಗೆಣ್ಣಿಗೆ ಹೊಡೆಯುತ್ತೆ. ಸ್ಪ್ರಿಂಗು ಬಿಗಿಯಾಗಿದ್ದಾಗ ಗಡಿಯಾರ ತುಸು ಚುರುಕು, ವಾರದ ಕೊನೆಗೆ ತುಸು ಮಂಕು. ಪ್ರತಿ ವಾರ ಅದೇ ದಿನ ಕೊಡಿ ಅನ್ನೋದು ಅದಕ್ಕೆ. ಮುಳ್ಳನ್ನ ಮುಂದಕ್ಕೆ ಮಾತ್ರ ತಿರುಗಿಸಿ. ದಾರಿಯಲ್ಲಿ ಅರ್ಧ ಗಂಟೆ, ಪೂರ್ತಿ ಗಂಟೆ ಬಂದರೆ ಹೊಡೆದು ಮುಗಿಸೋ ತನಕ ಕೈ ತೆಗೆದು ಕಾಯಿರಿ. ಹತ್ತು ನಿಮಿಷ ಹಿಂದಕ್ಕೆ ತರಬೇಕಾದರೆ ಪೆಂಡುಲಮ್ ನಿಲ್ಲಿಸಿ ಹತ್ತು ನಿಮಿಷ ಸುಮ್ಮನಿದ್ದರೆ ಆಯಿತು. ಅಷ್ಟು ಹೊತ್ತಿಗೆ ಹುರುಳಿಕಾಯಿ ಸೋಸಿಕೊಳ್ಳಬಹುದು.

ಕಾಯುವ ಮಾತು ಬಂತು ನೋಡಿ, ಅವಳ ಮನೆಯ ವಾಷಿಂಗ್ ಮೆಷಿನ್ ನೆನಪಾಯಿತು. 'ಒಂದು ನಿಮಿಷ' ಅಂತ ತೋರಿಸಿಕೊಂಡು ಹನ್ನೆರಡು ನಿಮಿಷ ತಿರುಗ್ತಾ ಇತ್ತು, ಗಂಡ ಹೆಂಡತಿ ಮುಂದೆ ನಿಂತು ಅದನ್ನೇ ನೋಡ್ತಿದ್ದಾರೆ. ಒಂದೇ ಒಂದು ದಪ್ಪ ಹೊದಿಕೆ ಹಾಕಿದರೆ ಅದು ಒಂದು ಕಡೆ ಮುದ್ದೆ ಕಟ್ಟುತ್ತೆ, ಮೆಷಿನ್ನು ಅದನ್ನ ಹರಡೋಕೆ ಮತ್ತೆ ಮತ್ತೆ ಪ್ರಯತ್ನಿಸುತ್ತೆ. ಜೊತೆಗೆ ಎರಡು ಟವೆಲ್ ಹಾಕಿ. ಪುಡಿ ಕಮ್ಮಿ ಮಾಡಿ, ನೊರೆ ಹೆಚ್ಚಾದರೆ ಕೆಲವು ಮೆಷಿನ್ನು ತಾನಾಗಿ ಇನ್ನೊಂದು ಸಲ ಜಾಲಾಡಿಸೋಕೆ ಹೊರಡುತ್ತೆ.

ಗಡಿಯಾರ ಹಿಂದೆ ಬೀಳುತ್ತಿದ್ದರೆ ಪೆಂಡುಲಮ್ಮಿನ ಗುಂಡಿನ ಕೆಳಗೆ ಪುಟ್ಟ ತಿರುಪು ಇದೆ. ಅದನ್ನ ತಿರುಗಿಸಿ ಗುಂಡನ್ನ ಮೇಲಕ್ಕೆ ತಂದರೆ ಚುರುಕು, ಕೆಳಕ್ಕೆ ಬಿಟ್ಟರೆ ನಿಧಾನ. ಅರ್ಧ ಸುತ್ತು ಸಾಕು, ಆಮೇಲೆ ಒಂದು ಪೂರ್ತಿ ದಿನ ಕಾಯಬೇಕು. ಗಂಟೆಗೊಂದು ಸಲ ತಿರುಚಿದರೆ ಎಲ್ಲಿದ್ದಿರಿ ಅನ್ನೋದೇ ಮರೆತುಹೋಗುತ್ತೆ. ಶಿವರಾತ್ರಿ ಕಳೆದು ಬಿಸಿಲೇರಿದರೆ ಪೆಂಡುಲಮ್ಮಿನ ಉಕ್ಕಿನ ಕಡ್ಡಿ ಹಿಗ್ಗಿ ಉದ್ದವಾಗುತ್ತೆ, 10 ಡಿಗ್ರಿ ಸೆಕೆ ಏರಿದರೆ ದಿನಕ್ಕೆ 5 ಸೆಕೆಂಡಿನಷ್ಟು ಹಿಂದೆ ಬೀಳುತ್ತೆ, ವಾರಕ್ಕೆ ಅರ್ಧ ನಿಮಿಷದ ಮೇಲಾಯಿತು. ಮರದ ಕಡ್ಡಿಯಾದರೆ ಇಷ್ಟು ರಗಳೆಯಿಲ್ಲ. ಮಾವನವರು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ತಿರುಪು ಮುಟ್ಟೋರು, ಆಕಾಶವಾಣಿಯ ವಾರ್ತೆಗೆ ಮೊದಲು ಬರೋ ಪೀಪ್ ಪೀಪಿಗೆ ಸರಿಹೊಂದಿಸಿ. ನಮ್ಮೂರ ಗಡಿಯಾರ ಗೋಪುರ, 'ದೊಡ್ಡ ಗಡಿಯಾರ' ಅಂತೀವಲ್ಲ, ಅದನ್ನ ನೋಡಿ ಸರಿಮಾಡಬಾರದಾ ಅಂತ ನಾನೊಮ್ಮೆ ಕೇಳಿದ್ದೆ. "1927ರಲ್ಲಿ ಕಟ್ಟಿದ್ದು, 75 ಅಡಿ ಎತ್ತರ, ಕನ್ನಡದ ಅಂಕಿ, ನೋಡೋಕೆ ಲಕ್ಷಣ. ಆದರೆ ನಾನು ನಂಬೋದು ರೇಡಿಯೋನ" ಅಂದರು. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಎದ್ದ ಗಡಿಯಾರದ ಬಗ್ಗೆ ಅವರ ಬಾಯಲ್ಲಿ ಬಂದ ಒಂದೇ ಒಂದು ಕೊಂಕು ಅದು.

ಎಣ್ಣೆ ವಿಚಾರದಲ್ಲಿ ಮಾತ್ರ ನಾನು ಯಾರ ಮುಲಾಜೂ ಇಟ್ಟುಕೊಳ್ಳಲ್ಲ. ನನ್ನ ಭಾವನ ಮಗ ಒಮ್ಮೆ, ಕಿರಗುಟ್ಟುತ್ತೆ ಅಂತ ಗಡಿಯಾರದ ಹಲ್ಲುಗಳಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದ. ಎರಡು ತಿಂಗಳು ಚೆನ್ನಾಗೇ ಓಡಿತು. ಧನುರ್ಮಾಸ ಬಂತು, ಬಚ್ಚಲಲ್ಲಿ ಎಣ್ಣೆ ಬಾಟಲಿ ಬೆಳ್ಳಗೆ ಹೆಪ್ಪುಗಟ್ಟಿದ ದಿನವೇ ಗಡಿಯಾರವೂ ನಿಂತಿತು. ರಿಪೇರಿಯವರು ಬಿಚ್ಚಿದರೆ ಒಳಗೆಲ್ಲ ಧೂಳು ಕಲೆಸಿದ ಮೇಣ. ಗಡಿಯಾರದ ಎಣ್ಣೆ ಬೇರೆ, ಅದನ್ನ ಸೂಜಿಮೊನೆಯಲ್ಲಿ ಮುಟ್ಟಿಸೋ ಕೈಯೂ ಬೇರೆ, ಗೊತ್ತಿದ್ದವರಿಗೆ ಕೊಡಿ.

ಇನ್ನೊಂದು, ಫೋನಿನಲ್ಲಿ ನೋಡಿ ರಾಹುಕಾಲ ಹೇಳೋರಿಗೆ. ಸೋಮವಾರ ಏಳೂವರೆಯಿಂದ ಒಂಬತ್ತು ಅನ್ನೋದು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗಿದರೆ ಬರೋ ಲೆಕ್ಕ. ಹಗಲನ್ನ ಎಂಟು ಪಾಲು ಮಾಡಬೇಕು, ಸೋಮವಾರಕ್ಕೆ ಎರಡನೇ ಪಾಲು. ಸಂಕ್ರಾಂತಿಯ ಸುಮಾರಿಗೆ ಮೈಸೂರಲ್ಲಿ ಸೂರ್ಯ ಹುಟ್ಟೋದೇ ಆರೂಮುಕ್ಕಾಲಿಗೆ, ರಾಹುಕಾಲ ಶುರುವಾಗೋ ಹೊತ್ತಿಗೆ ಎಂಟು ದಾಟಿರುತ್ತೆ. ನಮ್ಮ ಗಡಿಯಾರಗಳೆಲ್ಲ ನಡೆಯೋದು ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗೋ ರೇಖೆಯ ಲೆಕ್ಕದಲ್ಲಿ. ನಾವು ಅದರಿಂದ ಸುಮಾರು 6 ಡಿಗ್ರಿ ಪಡುವಣಕ್ಕೆ ಇದ್ದೀವಿ, ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ ಸರಾಸರಿ 23 ನಿಮಿಷ ತಡ. ರಾಹುಕಾಲ ನಂಬದಿದ್ದರೆ ಬಿಡಿ, ನಂಬೋರು ಪಂಚಾಂಗ ತೆಗೆದು ನೋಡಿ.

ಆವತ್ತು ಮೊಮ್ಮಗಳ ಮನೆಯಲ್ಲಿ ಎಲ್ಲ ಸರಿಮಾಡಿ, ಪೆನ್ಸಿಲ್ ಗೆರೆ ಎಳೆದೇ ಬಂದೆ. ತಿಂಗಳೊಪ್ಪತ್ತು ಚೆನ್ನಾಗಿ ಓಡಿತು. ಆಯುಧಪೂಜೆ ಸಂಜೆ ಮತ್ತೆ ಫೋನು. ಮಿಕ್ಸಿ, ಸ್ಕೂಟರ್, ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮ ಇಟ್ಟು, ಗಡಿಯಾರಕ್ಕೆ ಎರಡು ಮೊಳ ಸೇವಂತಿಗೆ ಹಾರ ಹಾಕಿದ್ದಾರೆ, ಹಾಕುವಾಗ ಪೆಟ್ಟಿಗೆ ಸರಿದಿದೆ.

"ಗೆರೆಗೆ ತಂದೆಯೇನೇ?"

"ತಂದೆ ಅಜ್ಜಿ, ಆದ್ರೂ ನಿಲ್ಲುತ್ತೆ."

"ಹಾರ ತೆಗೆ. ಅದರ ಭಾರ ಒಂದೇ ಕಡೆ ಬಿದ್ದಿದೆ. ತೆಗೆದು, ಫೋನ್ ಗಡಿಯಾರದ ಹತ್ತಿರ ಹಿಡಿ."

ಹಿಡಿದಳು. ನಾನು ಇಲ್ಲಿ ನಡುಮನೆಯ ದೀಪ ಆರಿಸಿ ಕಣ್ಣು ಮುಚ್ಚಿಕೊಂಡೆ. ದೂರದಿಂದ, ಬಕೆಟ್ಟಿನೊಳಗಿಂದ ಬಂದ ಹಾಗೆ, ಟಿಕ್-ಟಾಕ್. ಇನ್ನೂ ಸಣ್ಣಗೆ ಕುಂಟು.

"ಬಲಕ್ಕೆ ಒಂಚೂರು. ಅಷ್ಟಲ್ಲ ಕಣೇ, ಅದರಲ್ಲಿ ಅರ್ಧ. ಹಾಂ. ಈಗ ಬಾಗಿಲು ಮುಚ್ಚಿ ಕೈ ತೆಗಿ, ನಿನ್ನ ಗಂಡನಿಗೂ ಮುಟ್ಟಬೇಡ ಅಂತ ಹೇಳು."