ಕಜ್ಜಿ ಕಾಲಿನ ಕೋಳಿಗಳನ್ನ ನಾನು ಉಳಿಸಿಕೊಂಡಿದ್ದು ಹೀಗೆ

ತಿಪಟೂರು ಸಂತೆಯಲ್ಲಿ ಹುಂಜಕ್ಕೆ 800 ಹೇಳಿದ್ದೆ. ಬಂದವನು ಕಾಲು ಎತ್ತಿ ನೋಡಿ, "350 ಕೊಡ್ತೀನಿ ಅಕ್ಕ, ಇದು ಕಜ್ಜಿ ಕಾಲು" ಅಂದ. ಮಾರದೆ ವಾಪಸ್ ತಂದೆ. ಕಜ್ಜಿ ಕಾಲು ಅಂದರೆ ಕಾಲಿನ ಹುರುಪೆಯೊಳಗೆ ನುಸಿ ಹೊಕ್ಕು ಕಾಲು ಒರಟಾಗೋ ರೋಗ. ಮನೆಯ 11 ಕೋಳಿಗಳಲ್ಲಿ 7ಕ್ಕೆ ಹಿಡಿದಿತ್ತು. "ಕೊಯ್ದು ಸಾರು ಮಾಡವ್ವ, ಇದು ಹೋಗೋ ರೋಗ ಅಲ್ಲ" ಅಂದರು ಅತ್ತೆ.

ಮೊದಮೊದಲು ಮಾಡಿದ್ದೆಲ್ಲ ತಪ್ಪೇ. ಹುರುಪೆಯನ್ನ ಉಗುರಲ್ಲಿ ಕಿತ್ತೆ; ರಕ್ತ ಬಂದು ಹ್ಯಾಟೆ ಮೂರು ದಿನ ಕುಂಟಿತು. ಊರವರು ಹೇಳಿದ ಸೀಮೆಎಣ್ಣೆ ಹಚ್ಚಿದೆ. ಚರ್ಮ ಸುಟ್ಟು ಕೆಂಪಾಯ್ತು, ಮೊಟ್ಟೆ ನಿಂತಿತು. ಹೇನು-ನುಸಿಗೆ ಉದುರಿಸೋ ಪುಡಿಗೆ 220ರೋ 240ರೋ ಕೊಟ್ಟೆ. ಅದು ಗರಿಯ ಹೇನಿಗೆ ಸರಿ, ಹುರುಪೆಯೊಳಗೆ ಹೊಕ್ಕು ಕೂತ ನುಸಿಗೆ ತಾಗಲೇ ಇಲ್ಲ. ಕೋಳಿ ಹೊರಳಾಡೋ ಬೂದಿಗುಂಡಿನೂ ಅಷ್ಟೇ. ನುಸಿ ಸಾಯೋ ಔಷಧಿ ಐವರ್ಮೆಕ್ಟಿನ್ ಹಾಕಿಸಿದರೆ ಅದು ಮೈಯಲ್ಲಿರೋವಷ್ಟು ದಿನದ ಮೊಟ್ಟೆ ಎಸೀಬೇಕು, ಮಕ್ಕಳು ತಿನ್ನೋ ಮನೆ, ಬೇಡ ಅಂತ ಬಿಟ್ಟೆ.

ಕೈ ಹಿಡಿದಿದ್ದು ಗಾಣದ ಕೊಬ್ಬರಿ ಎಣ್ಣೆ. ಮೂರು ಪಾಲಿಗೆ ಒಂದು ಪಾಲು ಹೊಂಗೆ ಎಣ್ಣೆ. ಇನ್ನೊಂದು ಸೊಪ್ಪು ಹಾಕಿ ಕಾಯಿಸ್ತೀನಿ, ಅದನ್ನ ಮಾತ್ರ ಇಲ್ಲಿ ಹೇಳಲ್ಲ. ಕತ್ತಲಾಗಿ ಗೂಡು ಸೇರಿದ ಮೇಲೆ ಹಿಡಿದರೆ ಕೋಳಿ ಒದ್ದಾಡಲ್ಲ. ಉಗುರುಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ, ಹಳೇ ಬ್ರಷ್‌ನಲ್ಲಿ ಮೆತ್ತಗೆ ಉಜ್ಜಿ, ಒರೆಸಿ, ಎಣ್ಣೆಯ ಲೋಟಕ್ಕೆ ಇಡೀ ಕಾಲು ಅದ್ದೋದು. ನುಸಿ ಉಸಿರುಕಟ್ಟಿ ಸಾಯುತ್ತೆ. ಕಾವಿಗೆ ಕೂತ ಹ್ಯಾಟೆಗೆ ಮಾತ್ರ ಅದ್ದಬೇಡಿ, ಎಣ್ಣೆ ಮೊಟ್ಟೆಗೆ ಮೆತ್ತಿದರೆ ಒಳಗಿನ ಮರಿ ಉಳಿಯಲ್ಲ. ನನ್ನ 4 ಮೊಟ್ಟೆ ಹಾಗೇ ಹೋದವು.

ಎರಡು ವಾರಕ್ಕೇ ನುಣುಪಾಯ್ತಲ್ಲ ಅಂತ ನಿಲ್ಲಿಸಿದ್ದು ದೊಡ್ಡ ತಪ್ಪು. ತಿಂಗಳೊಳಗೆ ಮತ್ತೆ ಎದ್ದಿತು. ಎರಡನೇ ಸಲ ವಾರಕ್ಕೆರಡು ಸಲದಂತೆ 6 ವಾರ ಬಿಡಲಿಲ್ಲ. ಕೂರೋ ಗಳಕ್ಕೆ ಕುದಿನೀರು ಹುಯ್ದು ಎಣ್ಣೆ ಸವರಿದೆ, ಗೂಡಿಗೆ ಸುಣ್ಣ ಬಳಿದೆ.

ಪರೀಕ್ಷೆಗೆ ಅಂತ ಒಂದು ಹ್ಯಾಟೆಯ ಎಡಗಾಲಿಗೆ ಬರೀ ಹೊಂಗೆ, ಬಲಗಾಲಿಗೆ ನನ್ನ ಮಿಶ್ರಣ ಹಾಕಿದ್ದೆ. ಎರಡೂ ವಾಸಿಯಾದವು, ಬಲಗಾಲು ಹೆಚ್ಚುಕಡಿಮೆ ವಾರ ಮುಂಚೆ.

ಈ ಎಣ್ಣೆ ಮದ್ದಿನ ಒಟ್ಟು ಖರ್ಚು 300 ದಾಟಲಿಲ್ಲ. ಅದೇ ಹುಂಜ ಹಬ್ಬಕ್ಕೆ 900ಕ್ಕೆ ಹೋಯ್ತು. ಈಗ ಅತ್ತೆಯೇ ಪಕ್ಕದ ಮನೆಯವರ ಕೋಳಿ ತಂದು ನನ್ನ ಕೈಗೆ ಕೊಡ್ತಾರೆ. ಹಳೇ ಹ್ಯಾಟೆಯೊಂದಕ್ಕೆ ಬೆರಳ ತುದಿ ಉದುರಿಹೋಗಿತ್ತು, ಅದು ಬರಲಿಲ್ಲ. ಮೊಟ್ಟೆ ಇಡ್ತಿದೆ.