ಯುರೋಪಿನ ರೈಲಿನಲ್ಲಿ ಮಕ್ಕಳು, ಹಿರಿಯರು, ಸಾಮಾನು: ಕುಟುಂಬ ಪ್ರವಾಸಕ್ಕೊಂದು ಕೈಪಿಡಿ

ಬೆಂಗಳೂರಿನಿಂದ ಯುರೋಪಿಗೆ ಹೊರಡುವ ಕುಟುಂಬಗಳು ಸಾಮಾನ್ಯವಾಗಿ ವಿಮಾನದಲ್ಲಿ ಎಷ್ಟು ಕಿಲೋ ಒಯ್ಯಲು ಬಿಡುತ್ತಾರೋ ಅಷ್ಟನ್ನೂ ತುಂಬಿಕೊಂಡು ಹೊರಡುತ್ತವೆ. ವಿಮಾನ ನಿಲ್ದಾಣದಲ್ಲಿ ಆ ಭಾರವನ್ನು ಕೌಂಟರಿನಲ್ಲಿ ಒಪ್ಪಿಸಿ ನಿಶ್ಚಿಂತರಾಗಬಹುದು, ಆದರೆ ರೈಲಿನಲ್ಲಿ ಪ್ರತಿಯೊಂದು ಪೆಟ್ಟಿಗೆಯನ್ನೂ ನಾವೇ ಎತ್ತಬೇಕು, ನಾವೇ ಇಳಿಸಬೇಕು. ನಮ್ಮ ನಿಲ್ದಾಣಗಳಲ್ಲಿರುವಂತೆ ಕೂಲಿಯವರು ಅಲ್ಲಿ ಸಿಗುವುದು ತೀರಾ ಅಪರೂಪ. ನಡುವಿನ ನಿಲ್ದಾಣಗಳಲ್ಲಿ ಗಾಡಿ ಎರಡು ಮೂರು ನಿಮಿಷ ನಿಂತರೆ ಹೆಚ್ಚು. ಆದ್ದರಿಂದ ಮನೆಯಲ್ಲಿ ಭಾರ ಎತ್ತಬಲ್ಲ ಕೈಗಳು ಎಷ್ಟಿವೆ ಎಂದು ಎಣಿಸಿಕೊಂಡೇ ಸಾಮಾನು ಕಟ್ಟಬೇಕು.

ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅಜ್ಜಿ ಇರುವ ಕುಟುಂಬದಲ್ಲಿ ಭಾರ ಎತ್ತಬಲ್ಲವರು ಇಬ್ಬರೇ. ಅವರಲ್ಲೂ ಒಬ್ಬರ ಒಂದು ಕೈ ಚಿಕ್ಕ ಮಗುವಿಗೆ ಮೀಸಲು, ಮಂಡಿನೋವಿರುವ ಅಜ್ಜಿಗೆ ಮೆಟ್ಟಿಲು ಹತ್ತುವಾಗ ಆಸರೆ ಬೇಕು. ಹೀಗಾಗಿ ಐವರಿಗೂ ಸೇರಿ ಮಧ್ಯಮ ಗಾತ್ರದ ಎರಡು ಸೂಟ್‌ಕೇಸ್, ದೊಡ್ಡವರಿಬ್ಬರ ಬೆನ್ನಿಗೊಂದೊಂದು ಚೀಲ, ಮಕ್ಕಳಿಗೆ ತಮ್ಮ ಸ್ವೆಟರ್ ಮತ್ತು ನೀರಿನ ಬಾಟಲಿ ಹಿಡಿಸುವ ಪುಟ್ಟ ಚೀಲ, ಇಷ್ಟೇ ಸರಿಯಾದ ಮಿತಿ. ತುಂಬಿದ ಸೂಟ್‌ಕೇಸನ್ನು ಒಬ್ಬರೇ ಎತ್ತಿಕೊಂಡು, ನಡುವೆ ಎಲ್ಲೂ ಕೆಳಗಿಡದೆ, ಮನೆಯ ಮಹಡಿ ಮೆಟ್ಟಿಲನ್ನು ಹತ್ತಿ ನೋಡಬೇಕು. ಆಗದಿದ್ದರೆ ಅದರಿಂದ ಏನನ್ನಾದರೂ ತೆಗೆಯಲೇಬೇಕು. ಐದು ದಿನಕ್ಕಾಗುವಷ್ಟು ಬಟ್ಟೆ ಇಟ್ಟುಕೊಂಡು, ಪ್ರವಾಸದ ನಡುವೆ ವಾಷಿಂಗ್ ಮಷಿನ್ ಇರುವ ಅಪಾರ್ಟ್‌ಮೆಂಟಿನಲ್ಲಿ ತಂಗುವುದು ಇದಕ್ಕೆ ಒಳ್ಳೆಯ ಉಪಾಯ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಬೇಕಾದರೆ ಇರಲಿ. ಹಾಲಿನ ಪದಾರ್ಥಗಳನ್ನು ಹೊರದೇಶದ ಪ್ರಯಾಣಿಕರು ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲವಾದ್ದರಿಂದ ಧಾರವಾಡ ಪೇಡೆಯನ್ನು ಮನೆಯಲ್ಲೇ ಬಿಡುವುದು ಕ್ಷೇಮ.

ಸಾಮಾನಿನ ನಿಯಮ ಗಾಡಿಯಿಂದ ಗಾಡಿಗೆ ಬೇರೆಯಾಗುತ್ತದೆ. ಲಂಡನ್ ಮತ್ತು ಪ್ಯಾರಿಸ್ ನಡುವಿನ ಯೂರೋಸ್ಟಾರ್‌ನಲ್ಲಿ ಸಾಮಾನ್ಯ ದರ್ಜೆಯ ವಯಸ್ಕರು 85 ಸೆಂಟಿಮೀಟರ್ ಮೀರದ ಎರಡು ಪೆಟ್ಟಿಗೆಗಳನ್ನೂ ಒಂದು ಕೈಚೀಲವನ್ನೂ ಒಯ್ಯಬಹುದು. ಹತ್ತುವ ಮುನ್ನ ಪಾಸ್‌ಪೋರ್ಟ್ ತಪಾಸಣೆ ಮತ್ತು ಸಾಮಾನಿನ ಸ್ಕ್ಯಾನಿಂಗ್ ಇರುವುದರಿಂದ ಬಹಳ ಮುಂಚೆ ಹೋಗಬೇಕು. ಫ್ರಾನ್ಸಿನ ಟಿಜಿವಿ ಇನ್ವಿ ಎಂಬ ಅತಿವೇಗದ ಗಾಡಿಗಳಲ್ಲಿ ದೊಡ್ಡ ಪೆಟ್ಟಿಗೆಯ ಅಳತೆ 70, 90, 50 ಸೆಂಟಿಮೀಟರ್ ಮೀರಬಾರದು, ಪ್ರತಿ ಪೆಟ್ಟಿಗೆಯ ಮೇಲೂ ಪ್ರಯಾಣಿಕರ ಹೆಸರಿನ ಚೀಟಿ ಕಡ್ಡಾಯ. ಅಲ್ಲಿಯದೇ ಆದ ಅಗ್ಗದ ವಿಗೋ ಗಾಡಿಯ ಟಿಕೆಟ್ಟಿನಲ್ಲಿ ದೊಡ್ಡ ಪೆಟ್ಟಿಗೆ ಸೇರಿರುವುದಿಲ್ಲ, ಅದಕ್ಕೆ ಬೇರೆ ಹಣ ಕಟ್ಟಬೇಕು.

ಟಿಜಿವಿಯ ಅನೇಕ ಗಾಡಿಗಳಿಗೆ ಎರಡು ಅಂತಸ್ತು ಇರುತ್ತದೆ. ಟಿಕೆಟ್ ಕಾಯ್ದಿರಿಸುವಾಗ ಕೆಳಗಿನ ಅಂತಸ್ತನ್ನೇ ಆರಿಸಿದರೆ ಗಾಡಿಯೊಳಗಿನ ಕಿರಿದಾದ ಮೆಟ್ಟಿಲನ್ನು ಪೆಟ್ಟಿಗೆಯೊಡನೆ ಹತ್ತುವ ಕಷ್ಟ ತಪ್ಪುತ್ತದೆ. ಜರ್ಮನಿಯ ಐಸಿಇ ಎಂಬ ಅತಿವೇಗದ ಗಾಡಿಗಳಲ್ಲಿ ಸೀಟು ಕಾಯ್ದಿರಿಸುವುದು ಸಾಮಾನ್ಯವಾಗಿ ಕಡ್ಡಾಯವಲ್ಲ. ಆದರೂ ಮಕ್ಕಳಿರುವವರು ಕಾಯ್ದಿರಿಸಲೇಬೇಕೆಂದು ನಾನು ಹೇಳುತ್ತೇನೆ, ಏಕೆಂದರೆ ಸಾಮಾನು ಎಳೆದುಕೊಂಡು ಬೋಗಿಯಿಂದ ಬೋಗಿಗೆ ಖಾಲಿ ಸೀಟು ಹುಡುಕುವುದು ಹಿರಿಯರನ್ನು ಬಹಳ ದಣಿಸುತ್ತದೆ.

ನಿಜವಾದ ಪರೀಕ್ಷೆ ಇರುವುದು ಗಾಡಿ ಹತ್ತುವಾಗ. ಟಿಕೆಟ್ಟಿನಲ್ಲಿ ಬೋಗಿಯ ಸಂಖ್ಯೆ ಇರುತ್ತದೆ. ದೊಡ್ಡ ನಿಲ್ದಾಣಗಳ ಪ್ಲಾಟ್‌ಫಾರಂ ಮೇಲೆ ಎ, ಬಿ, ಸಿ ಎಂದು ಗುರುತು ಹಾಕಿದ ಭಾಗಗಳಿರುತ್ತವೆ. ನಮ್ಮ ಬೋಗಿ ಯಾವ ಅಕ್ಷರದ ಬಳಿ ನಿಲ್ಲುತ್ತದೆ ಎಂಬುದನ್ನು ಫಲಕದಲ್ಲಿ ನೋಡಿಕೊಂಡು ಅಲ್ಲೇ ಕಾಯಬೇಕು. ಫ್ರಾನ್ಸಿನಲ್ಲಿ ಎರಡು ಗಾಡಿಗಳನ್ನು ಜೋಡಿಸಿ ಓಡಿಸುವುದುಂಟು. ಒಂದರೊಳಗಿಂದ ಇನ್ನೊಂದಕ್ಕೆ ಹೋಗಲು ದಾರಿ ಇರುವುದಿಲ್ಲವಾದ್ದರಿಂದ, ಹತ್ತಿದ ಮೇಲೆ ನಡೆದುಕೊಂಡು ಹೋದರಾಯಿತು ಎನ್ನುವಂತಿಲ್ಲ. ಬಾಗಿಲು ತೆರೆಯಲು ಹೆಚ್ಚಿನ ಗಾಡಿಗಳಲ್ಲಿ ಗುಂಡಿ ಒತ್ತಬೇಕು. ಮೊದಲು ಇಳಿಯುವವರಿಗೆ ದಾರಿ ಬಿಟ್ಟು, ದೊಡ್ಡವರಲ್ಲಿ ಒಬ್ಬರು ಬರಿಗೈಯಲ್ಲಿ ಹತ್ತಬೇಕು. ಅವರ ಹಿಂದೆ ಮಕ್ಕಳು, ಅಜ್ಜಿ. ಆಮೇಲೆ ಕೆಳಗಿರುವವರು ಸೂಟ್‌ಕೇಸ್‌ಗಳನ್ನು ಒಂದೊಂದಾಗಿ ಎತ್ತಿಕೊಟ್ಟು ಕೊನೆಗೆ ತಾವು ಹತ್ತಬೇಕು. ಎಲ್ಲವೂ ಬಾಗಿಲ ಒಳಗೆ ಬಂದರೆ ಸಾಕು, ಜೋಡಿಸುವ ಕೆಲಸ ಗಾಡಿ ಹೊರಟ ಮೇಲೆ ಆಗುತ್ತದೆ. ಕಳ್ಳರು ಕಾಯುವುದೂ ಈ ನೂಕುನುಗ್ಗಲನ್ನೇ. ಆದ್ದರಿಂದ ಪಾಸ್‌ಪೋರ್ಟ್, ಹಣ ಮೈಮೇಲೆಯೇ ಇರಬೇಕು, ‘ಎತ್ತಿಕೊಡುತ್ತೇನೆ’ ಎಂದು ತಾನಾಗಿ ಮುಂದೆ ಬರುವ ಅಪರಿಚಿತರಿಗೆ ಚೀಲ ಕೊಡಬಾರದು. ಅಕಸ್ಮಾತ್ ಒಬ್ಬರು ಕೆಳಗೇ ಉಳಿದು ಗಾಡಿ ಹೊರಟರೆ, ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ಕಾಯುವುದೆಂದು ಮೊದಲೇ ಮಾತಾಡಿಕೊಂಡಿರಬೇಕು. ಅದಕ್ಕಾಗಿ ದೊಡ್ಡವರಿಬ್ಬರ ಫೋನಿನಲ್ಲೂ ಟಿಕೆಟ್ಟಿನ ಪ್ರತಿ ಇರಲಿ.

ಇಳಿಯುವಾಗ ಹತ್ತು ನಿಮಿಷ ಮೊದಲೇ ಪೆಟ್ಟಿಗೆಗಳನ್ನು ಬಾಗಿಲ ಬಳಿ ತಂದಿಟ್ಟುಕೊಳ್ಳಬೇಕು.

ಲಂಡನ್ನಿನಿಂದ ಪ್ಯಾರಿಸ್, ಸ್ವಿಟ್ಜರ್‌ಲೆಂಡಿನ ಇಂಟರ್‌ಲಾಕೆನ್, ವೆನಿಸ್ ಎಂಬ ಜನಪ್ರಿಯ ಹಾದಿಯನ್ನೇ ನೋಡಿ. ಲಂಡನ್ನಿನ ಗಾಡಿ ಪ್ಯಾರಿಸ್‌ನ ಗಾರ್ ದು ನಾರ್ ನಿಲ್ದಾಣಕ್ಕೆ ಬರುತ್ತದೆ, ಸ್ವಿಟ್ಜರ್‌ಲೆಂಡಿನ ಗಾಡಿ ಗಾರ್ ದ ಲಿಯಾನ್‌ನಿಂದ ಹೊರಡುತ್ತದೆ. ಇವೆರಡರ ನಡುವೆ ಆರ್‌ಇಆರ್ ಎಂಬ ನಗರ ರೈಲು ಜಾಲದ ಡಿ ಮಾರ್ಗದಲ್ಲಿ ನೇರ ರೈಲು ಇದೆ, ಆದರೆ ಅಜ್ಜಿ ಜೊತೆಗಿದ್ದರೆ ದೊಡ್ಡ ಟ್ಯಾಕ್ಸಿಯೇ ವಾಸಿ. ಸ್ವಿಟ್ಜರ್‌ಲೆಂಡಿನಲ್ಲಿ ಆರೆಂಟು ನಿಮಿಷದಲ್ಲಿ ಗಾಡಿ ಬದಲಿಸುವಂತೆ ವೇಳಾಪಟ್ಟಿ ತೋರಿಸುತ್ತದೆ. ಓಡಬೇಡಿ, ಮುಖ್ಯ ಮಾರ್ಗಗಳಲ್ಲಿ ಅರ್ಧ ಗಂಟೆಗೋ ಒಂದು ಗಂಟೆಗೋ ಮತ್ತೊಂದು ಗಾಡಿ ಇದ್ದೇ ಇರುತ್ತದೆ, ಸಾಮಾನ್ಯ ಟಿಕೆಟ್ ಅದಕ್ಕೂ ನಡೆಯುತ್ತದೆ. ಒಂದೆರಡು ರಾತ್ರಿಗೆ ಬೇರೆ ಊರಿಗೆ ಹೋಗುವುದಾದರೆ ಸೂಟ್‌ಕೇಸನ್ನು ಸ್ವಿಸ್ ರೈಲ್ವೆಯ ಸಾಮಾನು ಸೇವೆಗೆ ಒಪ್ಪಿಸಿ ಮುಂದಿನ ಊರಿನ ನಿಲ್ದಾಣದಲ್ಲಿ ಪಡೆದುಕೊಳ್ಳಬಹುದು.

ವೆನಿಸ್‌ನಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಸಾಂತಾ ಲೂಚಿಯಾ ನಿಲ್ದಾಣದ ಹೊರಗೆ ಕಾಲಿಟ್ಟರೆ ಎದುರಿಗೇ ಕಾಲುವೆ. ಅಲ್ಲಿಂದಾಚೆ ಕಾರಿಲ್ಲ, ಹೆಜ್ಜೆಹೆಜ್ಜೆಗೂ ಮೆಟ್ಟಿಲಿರುವ ಸೇತುವೆಗಳು. ಹೋಟೆಲಿಗೆ ಹೋಗುವ ದಾರಿಯಲ್ಲಿ ಎಷ್ಟು ಸೇತುವೆ ದಾಟಬೇಕೆಂದು ಕಾಯ್ದಿರಿಸುವ ಮುನ್ನವೇ ನಕ್ಷೆಯಲ್ಲಿ ಎಣಿಸಬೇಕು. ಹೆಚ್ಚೆನಿಸಿದರೆ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ ದೂರದ ಮೆಸ್ತ್ರೆ ನಿಲ್ದಾಣದ ಪಕ್ಕದಲ್ಲಿ ಕೋಣೆ ಹಿಡಿಯಬಹುದು. ಒಂದೇ ಹಗಲು ಸುತ್ತುವುದಾದರೆ ಸಾಂತಾ ಲೂಚಿಯಾದಲ್ಲೇ ಇರುವ ಲಗೇಜ್ ಕೌಂಟರಿನಲ್ಲಿ ಪೆಟ್ಟಿಗೆಗಳನ್ನು ಬಿಟ್ಟು, ಅದು ಮುಚ್ಚುವ ವೇಳೆಯನ್ನು ಕೇಳಿಕೊಂಡು ಹೊರಡಬೇಕು.